ದೇವರಿಗೆ ಒಪ್ಪಿಸಿದ ಗದೆ

ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಸುಣ್ಣಕಲ್ಲಿನ ಒಂದು ಗದೆಯ ಗುಂಡು ಇದೆ. ಅದಕ್ಕೆ ತೊಡಿಸಿದ್ದ ಹಿಡಿ ಮರದ್ದಾಗಿದ್ದಿರಬೇಕು. ಅದು ಎಂದೋ ಮಣ್ಣಿನಲ್ಲಿ ಮಣ್ಣಾಗಿ ಹೋಗಿದೆ. ಉಳಿದಿರುವ ಗುಂಡಿನ ಎತ್ತರ ಸುಮಾರು 19 ಸೆಂಟಿಮೀಟರು, ಅಡ್ಡಳತೆ 16 ಸೆಂಟಿಮೀಟರು. ಅದರ ಸುತ್ತ ಆರು ಸಿಂಹಗಳು ಒಂದರ ಬೆನ್ನಿಗೊಂದು ಬಾಯಿ ಹಾಕಿಕೊಂಡು ಕೊನೆಯಿಲ್ಲದ ವರ್ತುಲವಾಗಿ ಸುತ್ತುತ್ತಿವೆ. ನೆತ್ತಿಯ ಮೇಲೆ ಸಿಂಹದ ಮುಖದ ಹದ್ದೊಂದು ರೆಕ್ಕೆ ಬಿಚ್ಚಿ ಕುಳಿತಿದೆ. ನಾನು ಇದರ ಚಿತ್ರವನ್ನು ಮೊದಲು ಕಂಡದ್ದು ವಿದ್ಯಾರ್ಥಿಯಾಗಿದ್ದಾಗ, ಕಾಲೇಜಿನ ಪುಸ್ತಕಭಂಡಾರದ ಒಂದು ಹಳೆಯ ಚಿತ್ರಸಂಪುಟದಲ್ಲಿ. ಚಿತ್ರದ ಕೆಳಗೆ ‘ಗದೆ’ ಎಂದು ಬರೆದಿತ್ತು. ಇಷ್ಟು ಭಾರದ, ಇಷ್ಟು ಕುಸುರಿಯ ಕಲ್ಲನ್ನು ಬೀಸಿ ಯಾರ ತಲೆಯನ್ನು ಒಡೆಯುತ್ತಿದ್ದರು ಎಂದು ಆಗ ಸೋಜಿಗಪಟ್ಟಿದ್ದೆ. ಉತ್ತರ ತಿಳಿದದ್ದು ಬಹಳ ಕಾಲದ ಮೇಲೆ. ಯಾರ ತಲೆಯನ್ನೂ ಅಲ್ಲ. ಅದನ್ನು ಹೊಡೆಯುವುದಕ್ಕೆಂದು ಮಾಡಿರಲೇ ಇಲ್ಲ, ಒಪ್ಪಿಸುವುದಕ್ಕೆಂದು ಮಾಡಿದ್ದರು.

ಕೊಲ್ಲುವ ವಸ್ತುವನ್ನು, ಅದೂ ಕೊಲ್ಲಲಾಗದಂತೆ ಮಾಡಿದ ಕೊಲ್ಲುವ ವಸ್ತುವನ್ನು, ದೇವರ ಮುಂದೆ ಇಡುವುದೆಂದರೆ ಏನು? ಈ ಹೊತ್ತು ಆ ಒಂದು ಪ್ರಶ್ನೆಯನ್ನು ಹಿಡಿದು ಪ್ರಾಚೀನ ಮೆಸೊಪೊಟೇಮಿಯದ ಕೆಲವು ಆಯುಧಗಳ ಕತೆಯನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಸಿಂಹಗಳ ಈ ಗದೆ ಸಿಕ್ಕಿದ್ದು ದಕ್ಷಿಣ ಇರಾಕಿನ ಟೆಲ್ಲೊ ಎಂಬ ದಿಬ್ಬದಲ್ಲಿ. ಬಸ್ರಾದಲ್ಲಿ ಫ್ರಾನ್ಸಿನ ಉಪರಾಯಭಾರಿಯಾಗಿದ್ದ ಎರ್ನೆಸ್ಟ್ ದ ಸರ್ಜೆಕ್ 1877ರಲ್ಲಿ ಅಲ್ಲಿ ಅಗೆತವನ್ನು ಆರಂಭಿಸಿದ. ಆ ದಿಬ್ಬವೇ ಸುಮೇರಿನವರ ಗಿರ್ಸು. ಲಗಾಶ್ ಎಂಬ ನಗರರಾಜ್ಯದ ದೇವಭೂಮಿ. ಅಲ್ಲಿಯ ಒಡೆಯ ನಿಂಗಿರ್ಸು. ಗುಡುಗಿನ ದೇವತೆ, ಯುದ್ಧದ ದೇವತೆ, ಉಳುವವನ ದೇವತೆಯೂ ಹೌದು. ಗದೆಯ ನೆತ್ತಿಯ ಮೇಲಿರುವ ಸಿಂಹಮುಖದ ಹದ್ದು ಅವನ ಲಾಂಛನ. ಗುಂಡಿನ ಮೇಲೆ ಒಂದು ಪುಟ್ಟ ಬರಹವೂ ಇದೆ. ಕಿಶ್ ನಗರದ ಅರಸು, ನಿಂಗಿರ್ಸುವಿನ ಗುಡಿಯನ್ನು ಕಟ್ಟಿಸಿದ ಮೆಸಿಲಿಮ್, ಇದನ್ನು ನಿಂಗಿರ್ಸುವಿಗಾಗಿ ತಂದನೆಂದೂ ಆಗ ಲಗಾಶಿನ ಅಧಿಪತಿಯಾಗಿದ್ದವನು ಲುಗಲ್‌ಶಎಂಗುರ್ ಎಂದೂ ಅದು ಹೇಳುತ್ತದೆ. ಅಷ್ಟೇ. ಕಾಲ ಕ್ರಿ. ಪೂ. 2600ರ ಆಸುಪಾಸು. ಅರಸನ ಹೆಸರನ್ನು ಹೊತ್ತ ಬರಹಗಳಲ್ಲಿ ಇದಕ್ಕಿಂತ ಹಳೆಯವು ಲೋಕದಲ್ಲಿ ಬಹಳ ಇಲ್ಲ.

ಗಮನಿಸಿ. ಮೆಸಿಲಿಮ್ ಲಗಾಶಿನವನಲ್ಲ. ದೂರದ ಉತ್ತರದ ಕಿಶ್ ನಗರದವನು. ಪರವೂರಿನ ಅರಸು ಇಲ್ಲಿಯ ದೇವರಿಗೆ ಗದೆಯನ್ನು ಏಕೆ ತಂದ? ಗದೆ ಇದಕ್ಕೆ ಉತ್ತರ ಕೊಡುವುದಿಲ್ಲ. ಆದರೆ ಅದೇ ದಿಬ್ಬದ ನಾಡಿನ ಇನ್ನೊಂದು ಬರಹ, ಸುಮಾರು ಒಂದೂವರೆ ಎರಡು ಶತಮಾನ ಈಚಿನದು, ಮೆಸಿಲಿಮನ ಹೆಸರನ್ನು ಬೇರೊಂದು ಸಂದರ್ಭದಲ್ಲಿ ಎತ್ತುತ್ತದೆ. ಲಗಾಶಿನ ಅರಸು ಎನ್‌ಮೆತೆನ ಬರೆಯಿಸಿದ ಮಣ್ಣಿನ ಶಂಕು ಅದು. ಲಗಾಶಿಗೂ ಅದರ ನೆರೆಯ ಉಮ್ಮಾ ನಗರಕ್ಕೂ ನಡುವೆ ಒಂದು ಹಸುರು ಬಯಲು. ಎರಡೂ ಊರಿನವರಿಗೆ ಅದರ ಮೇಲೆ ಕಣ್ಣು. ಜಗಳ ಹರಿಯದಾದಾಗ ದೇವರುಗಳ ಮಾತಿನಂತೆ ಮೆಸಿಲಿಮ್ ಮಧ್ಯಸ್ಥನಾಗಿ ಬಂದು, ಹಗ್ಗ ಹಿಡಿದು ನೆಲವನ್ನು ಅಳೆದು, ಎಲ್ಲೆಕಲ್ಲನ್ನು ನೆಡಿಸಿದನೆಂದು ಶಂಕು ಹೇಳುತ್ತದೆ.

ಗದೆಯಲ್ಲಿ ಗಡಿಯ ಮಾತಿಲ್ಲ. ಗಡಿಯ ಬರಹದಲ್ಲಿ ಗದೆಯ ಮಾತಿಲ್ಲ. ಎರಡನ್ನೂ ಜೋಡಿಸುತ್ತಿರುವವನು ನಾನು ಎಂಬುದನ್ನು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಆದರೂ ಪಂಚಾಯಿತಿ ಮಾಡಿದ ಹಿರಿಯ ಅರಸು ಊರ ದೇವರ ಮುಂದೆ ತನ್ನ ಹೆಸರು ಕೆತ್ತಿದ ಗದೆಯನ್ನು ಬಿಟ್ಟುಹೋಗುವುದರಲ್ಲಿ ಎಂಥದೋ ಒಂದು ಔಚಿತ್ಯ ನನಗೆ ಕಾಣುತ್ತದೆ. ಆ ಗದೆ ಯಾರನ್ನೂ ಗೆದ್ದ ಗುರುತಲ್ಲ. ‘ನಾನು ಆಡಿದ ಮಾತಿಗೆ ಇಲ್ಲಿಯ ದೇವರು ಸಾಕ್ಷಿ’ ಎಂಬುದರ ಗುರುತು.

ಆ ಮಾತು ಉಳಿಯಿತೇ? ಉಳಿಯಲಿಲ್ಲ. ಉಮ್ಮಾದ ಉಶ್ ಎಂಬವನು ಎಲ್ಲೆಕಲ್ಲನ್ನು ಕಿತ್ತು ಬಯಲಿಗೆ ನುಗ್ಗಿದ. ಕ್ರಿ. ಪೂ. 2450ರ ಸುಮಾರಿಗೆ ಲಗಾಶಿನ ಎಅನ್ನತುಂ ಉಮ್ಮಾವನ್ನು ಸೋಲಿಸಿ ಮೆಸಿಲಿಮನ ಕಲ್ಲನ್ನು ಮತ್ತೆ ಅದರ ಜಾಗದಲ್ಲೇ ನಿಲ್ಲಿಸಿದ. ಆ ಗೆಲುವಿನ ನೆನಪಿಗೆ ನಿಲ್ಲಿಸಿದ ಶಿಲೆಯ ಚೂರುಗಳು ಈಗಲೂ ಇವೆ. ರಣಹದ್ದುಗಳ ಶಿಲೆ ಎಂದು ಅದಕ್ಕೆ ಹೆಸರು. ಒಂದು ಮುಖದಲ್ಲಿ ಗುರಾಣಿಗಳ ಗೋಡೆಯಾಗಿ ನಡೆಯುವ ಸೈನ್ಯ, ಅದರ ಮುಂದೆ ಅರಸು. ಇನ್ನೊಂದು ಮುಖದಲ್ಲಿ ದೇವರು ಒಬ್ಬನೇ. ನಿಂಗಿರ್ಸುವಿನ ಎಡಗೈಯಲ್ಲಿ ಬಲೆ. ಬಲೆಯ ತುಂಬ ಬತ್ತಲೆ ಶತ್ರುಗಳು. ಬಲೆಯ ಕಣ್ಣಿನಿಂದ ತಲೆ ಹೊರಹಾಕಿದ ಒಬ್ಬನ ನೆತ್ತಿಗೆ ದೇವರ ಬಲಗೈಯ ಗದೆ ತಗಲಿದೆ. ಈಟಿ, ಕೊಡಲಿಗಳೆಲ್ಲ ಮನುಷ್ಯರ ಕಡೆಯ ಮುಖದಲ್ಲಿವೆ. ಗದೆ ಮಾತ್ರ ದೇವರ ಕಡೆಯಲ್ಲಿದೆ. ಶಿಲ್ಪಿಗೆ ಈ ಹಂಚಿಕೆ ಸಹಜವಾಗಿ ತೋರಿರಬೇಕು.

ಏಕೆಂದರೆ ಆ ಕಾಲಕ್ಕಾಗಲೇ ಗದೆ ಯುದ್ಧಭೂಮಿಯಿಂದ ನಿವೃತ್ತಿ ಪಡೆಯುತ್ತಿತ್ತು. ಉರ್ ನಗರದ ರಾಜಸಮಾಧಿಗಳನ್ನು ಲಿಯೊನಾರ್ಡ್ ವೂಲಿ 1920ರ ದಶಕದಲ್ಲಿ ತೆರೆದಾಗ ತಾಮ್ರದ ಶಿರಸ್ತ್ರಾಣ ಧರಿಸಿದ ಭಟರ ಅಸ್ಥಿಗಳು ಸಿಕ್ಕವು. ತಲೆಗೆ ತಾಮ್ರ ಬಂದ ಮೇಲೆ ಕಲ್ಲಿನ ಗುಂಡಿಗೆ ಕೆಲಸ ಕಡಿಮೆಯಾಯಿತು; ತಾಮ್ರವನ್ನು ಸೀಳುವ ಕೊಡಲಿಗೆ ಕೆಲಸ ಹೆಚ್ಚಿತು. ರಣದಲ್ಲಿ ಬೇಡವಾದ ಆಯುಧ ಗುಡಿಯಲ್ಲಿ ಬೇಕಾದದ್ದಾಯಿತು. ನಮ್ಮ ಕಾಲದ ಸೇನಾಧಿಕಾರಿಗಳು ಕವಾಯತಿನ ದಿನ ಸೊಂಟಕ್ಕೆ ಕತ್ತಿ ಕಟ್ಟುವುದೂ ಇದೇ ಜಾತಿಯದು.

ಇನ್ನೊಂದು ಕಾರಣವೂ ಇದೆ. ಅದು ನೆಲದ ಕಾರಣ. ದಕ್ಷಿಣ ಮೆಸೊಪೊಟೇಮಿಯದಲ್ಲಿ ಮಣ್ಣಿದೆ, ನೀರಿದೆ, ಜೊಂಡಿದೆ; ಒಳ್ಳೆಯ ಕಲ್ಲಿಲ್ಲ, ಲೋಹವಿಲ್ಲ. ಮನೆ ಮಣ್ಣಿನದು, ಕುಡುಗೋಲು ಸಹ ಸುಟ್ಟ ಮಣ್ಣಿನದೇ ಇದ್ದ ಕಾಲವಿತ್ತು, ಬರೆಯುವ ಹಲಗೆ ಮಣ್ಣಿನದು. ಅಂಥ ನಾಡಿನಲ್ಲಿ ಬಣ್ಣದ ಒಂದು ಗಟ್ಟಿ ಕಲ್ಲೆಂದರೆ ದೂರದ ಬೆಟ್ಟದಿಂದ ದೋಣಿಯ ಮೇಲೋ ಕತ್ತೆಯ ಮೇಲೋ ಬಂದ ಐಶ್ವರ್ಯ. ಗುಡಿಗಳ ಅಗೆತದಲ್ಲಿ ಗದೆಯ ಗುಂಡುಗಳು ಸಿಗುತ್ತಲೇ ಇರುತ್ತವೆ. ದಿಯಾಲಾ ನದಿಯ ಕಡೆಯ ಟೆಲ್ ಅಗ್ರಾಬ್ ಎಂಬಲ್ಲಿ ಷಿಕಾಗೋದ ವಿದ್ವಾಂಸರು 1930ರ ದಶಕದಲ್ಲಿ ಅಗೆದ ಶರ ದೇವತೆಯ ಗುಡಿಯಲ್ಲಿ ಅವು ರಾಶಿರಾಶಿಯಾಗಿ ಸಿಕ್ಕವು. ನವರಾತ್ರಿಯಲ್ಲಿ ನಾವು ಆಯುಧವನ್ನು ಪೂಜಿಸಿ ಮರಳಿ ಕೈಗೆತ್ತಿಕೊಳ್ಳುತ್ತೇವೆ, ಸುಮೇರಿನವನದು ಹಾಗಲ್ಲ. ಅವನು ಕೊಟ್ಟದ್ದು ಮರಳಿ ಬರುವುದಿಲ್ಲ. ಹೆಸರು ಕೆತ್ತಿಸಿ ಒಪ್ಪಿಸಿದ ಮೇಲೆ ಅದು ದೇವರ ಸೊತ್ತು.

ಈ ಬರಹಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಇಂಥವನ ‘ಆಯುಷ್ಯಕ್ಕಾಗಿ’. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಗದೆಯ ಗುಂಡನ್ನು ಲಗಾಶಿನ ಅರಸು ಎನನ್ನತುಂನ ಆಯುಷ್ಯಕ್ಕಾಗಿ ಅವನ ಅಮಾತ್ಯನೊಬ್ಬ ನಿಂಗಿರ್ಸುವಿಗೆ ಒಪ್ಪಿಸಿದ್ದಾನೆ. ಅದರ ಮೇಲೂ ಅದೇ ಸಿಂಹಮುಖದ ಹದ್ದು. ಅದರೆದುರು ಕೈಮುಗಿದ ಮೂವರು. ಆಯುಷ್ಯವನ್ನು ಕಳೆಯುವ ಸಲಕರಣೆಯನ್ನು ಕೊಟ್ಟು ಆಯುಷ್ಯವನ್ನು ಬೇಡುವುದು! ನಮಗೆ ಇದು ವಿಪರ್ಯಾಸವಾಗಿ ಕಾಣುತ್ತದೆ. ಅವರಿಗೆ ಕಾಣಲಿಲ್ಲ. ಜೀವವನ್ನು ತೆಗೆಯುವ ಅಧಿಕಾರ ಯಾರಲ್ಲಿದೆಯೋ ಕೊಡುವ ಅಧಿಕಾರವೂ ಅವನಲ್ಲೇ ಇದೆ ಎಂಬುದು ಅವರ ನ್ಯಾಯ. ಅರಸನ ಕೈಯ ಗದೆ ದೇವರಿಂದ ಬಂದ ಕಡ. ದೇವರ ಮುಂದಿಟ್ಟ ಗದೆ ಆ ಕಡವನ್ನು ಒಪ್ಪಿಕೊಂಡ ಪತ್ರ. ಹಮ್ಮುರಬಿಯ ಪ್ರಸಿದ್ಧ ಶಾಸನಶಿಲೆಯ ಕೊನೆಯ ಶಾಪಾಶಯವನ್ನು ಓದಿದವರಿಗೆ ಇದರ ಮರುಮುಖ ತಿಳಿದಿರುತ್ತದೆ. ತನ್ನ ಕಟ್ಟಳೆಗಳನ್ನು ಅಳಿಸುವ ಅರಸನ ಆಯುಧಗಳನ್ನು ಯುದ್ಧಭೂಮಿಯಲ್ಲೇ ಮುರಿದುಹಾಕಲೆಂದು ಹಮ್ಮುರಬಿ ದೇವತೆಗಳನ್ನು ಬೇಡುತ್ತಾನೆ. ಕೊಟ್ಟವರು ಮುರಿಯಬಲ್ಲರು.

ಈ ಭಾವನೆಯನ್ನು ಕಾವ್ಯದ ಎತ್ತರಕ್ಕೆ ಒಯ್ದದ್ದು ಕ್ರಿ. ಪೂ. 2120ರ ಸುಮಾರಿನಲ್ಲಿ ಲಗಾಶನ್ನು ಆಳಿದ ಗುಡೇಅನ ಕಾಲ. ಗುಡೇಅ ನನಗೆ ಪ್ರಿಯನಾದ ಅರಸು. ಅವನ ಬರಹಗಳಲ್ಲಿ ಯುದ್ಧದ ಸುದ್ದಿ ತೀರ ಕಡಿಮೆ. ಏಲಾಮಿನ ಕಡೆಯ ಅನ್‌ಶಾನನ್ನು ಹೊಡೆದು ಕೊಳ್ಳೆಯನ್ನು ದೇವರಿಗೆ ತಂದೊಪ್ಪಿಸಿದೆ ಎಂದು ಒಂದು ಸಾಲಿನಲ್ಲಿ ಹೇಳಿ ಮುಗಿಸಿಬಿಡುತ್ತಾನೆ. ಆದರೆ ನಿಂಗಿರ್ಸುವಿನ ‘ಎನಿನ್ನು’ ಗುಡಿಯನ್ನು ಕಟ್ಟಿಸಿದ ಕತೆಯನ್ನು ಎರಡು ದೊಡ್ಡ ಮಣ್ಣಿನ ಉರುಳೆಗಳ ತುಂಬ ಬರೆಯಿಸಿದ್ದಾನೆ. ಆ ಗುಡಿಗಾಗಿ ಮೇಲಣ ಸಮುದ್ರದ, ಎಂದರೆ ಮೆಡಿಟರೇನಿಯನ್ ಕಡೆಯ, ಬೆಟ್ಟವೊಂದರಿಂದ ಕಲ್ಲನ್ನು ತರಿಸಿ ಮೂರು ಸಿಂಹದ ತಲೆಗಳ ಗದೆಯನ್ನು ಮಾಡಿಸಿದನೆಂದು ಅವನ ಬರಹ ಹೇಳುತ್ತದೆ. ಆ ಮಾತು ಬರಿಯ ಮಾತಲ್ಲ. ಮೂರು ಸಿಂಹದ ತಲೆಗಳ ಆ ಗುಂಡು ಬರಹಸಮೇತ ಟೆಲ್ಲೊದಲ್ಲೇ ಸಿಕ್ಕಿದೆ. ಅರಸು ಹೇಳಿಕೊಂಡದ್ದೂ ಮಣ್ಣು ಕೊಟ್ಟದ್ದೂ ಹೀಗೆ ತಾಳೆಯಾಗುವುದು ಚರಿತ್ರೆಯ ವಿದ್ಯಾರ್ಥಿಗೆ ಅಪರೂಪದ ಸಂತೋಷ.

ಗುಡೇಅ ಒಪ್ಪಿಸಿದ ಆಯುಧಗಳಲ್ಲಿ ಶರೂರ್ ಎಂಬುದೊಂದು. ಅದು ನಿಂಗಿರ್ಸುವಿನ ಸ್ವಂತ ಆಯುಧದ ಹೆಸರು; ಸಾವಿರಾರು ಜನರನ್ನು ಕೆಡಹುವುದು ಎಂದು ಅರ್ಥ. ಆ ಕಾಲದವರ ದೊಡ್ಡ ಕಥನಕಾವ್ಯವೊಂದರಲ್ಲಿ ಈ ಆಯುಧಕ್ಕೆ ಮಾತು ಬರುತ್ತದೆ. ಹಾರಿಹೋಗಿ ಬೆಟ್ಟದ ನಾಡಿನ ಸುದ್ದಿಯನ್ನು ಒಡೆಯನಿಗೆ ತರುತ್ತದೆ, ಅಸಗ್ ಎಂಬ ದೈತ್ಯ ಹುಟ್ಟಿದ್ದಾನೆಂದು ಎಚ್ಚರಿಸುತ್ತದೆ, ದುಡುಕಬೇಡವೆಂದು ಬುದ್ಧಿಯನ್ನೂ ಹೇಳುತ್ತದೆ. ಆ ದೈತ್ಯನ ಸೈನಿಕರು ಯಾರು ಗೊತ್ತೆ? ಕಲ್ಲುಗಳು. ಗೆದ್ದ ದೇವರು ಯುದ್ಧ ಮುಗಿದ ಮೇಲೆ ಕಲ್ಲುಗಳನ್ನೆಲ್ಲ ಸಾಲಾಗಿ ಕರೆದು ಒಂದೊಂದಕ್ಕೂ ತೀರ್ಪು ಕೊಡುತ್ತಾನೆ. ಎದುರು ಬಿದ್ದ ಕಲ್ಲಿಗೆ ಶಾಪ, ಒಲಿದು ಬಂದ ಕಲ್ಲಿಗೆ ವರ. ಕರಿಯ ಡಯೊರೈಟ್ ಕಲ್ಲಿಗೆ ಎನಿನ್ನು ಗುಡಿಯ ವಿಗ್ರಹವಾಗುವ ಭಾಗ್ಯ. ಕಲ್ಲಿಲ್ಲದ ನಾಡಿನ ಕವಿಗೆ ಮಾತ್ರ ಹೊಳೆಯಬಹುದಾದ ಕಲ್ಪನೆ ಇದು.

ಎಲ್ಲ ಕಾಣಿಕೆಗಳ ಹಿಂದೆಯೂ ಗುಡೇಅನಂಥ ನೆಮ್ಮದಿ ಇರಲಿಲ್ಲ. ಸಿಪ್ಪರ್ ನಗರದಲ್ಲಿ ಸೂರ್ಯದೇವನಾದ ಶಮಾಶನ ಗುಡಿ ಇತ್ತು. ಹೊರ್ಮುಜ್ದ್ ರಸ್ಸಾಂ 1880ರ ದಶಕದ ಆರಂಭದಲ್ಲಿ ಅಲ್ಲಿ ಅಗೆದಾಗ ಅಕ್ಕಾಡಿನ ಅರಸು ಶರ್‌ಕಲಿಶರ್ರಿ ಶಮಾಶನಿಗೆ ಒಪ್ಪಿಸಿದ ಒಂದು ಗದೆಯ ಗುಂಡು ಸಿಕ್ಕಿತು. ಬಿಳಿ, ನಸುಗೆಂಪು ಬೆರೆತ ಚೆಲುವಾದ ಕಲ್ಲು. ‘ಅರಸರಿಗೆಲ್ಲ ಅರಸು’ ಎಂದು ಆ ಹೆಸರಿನ ಅರ್ಥ. ಅವನ ಹಿಂದೆಯೇ ಯಾರು ಅರಸು ಯಾರು ಅಲ್ಲ ಎಂಬುದೇ ತಿಳಿಯದಾಯಿತೆಂದು ಸುಮೇರಿನ ಅರಸರ ಪಟ್ಟಿ ಬರೆದುಕೊಂಡಿದೆ. ಗದೆ ಉಳಿಯಿತು, ಅಕ್ಕಾಡ್ ಉಳಿಯಲಿಲ್ಲ. ಅಕ್ಕಾಡ್ ನಗರ ಎಲ್ಲಿತ್ತೆಂಬುದನ್ನು ಇಂದಿಗೂ ನಿಶ್ಚಯವಾಗಿ ಗುರುತಿಸಿಲ್ಲ.

ಬಾಬಿಲೋನಿನ ಕಾಲಕ್ಕೆ ಬಂದರೆ ಆಯುಧದ ಒಪ್ಪಿಸುವಿಕೆ ಎಂಥ ದೊಡ್ಡ ಸಂಗತಿಯೆಂಬುದು ಪಂಚಾಂಗದಿಂದಲೇ ತಿಳಿಯುತ್ತದೆ. ಅವರು ವರ್ಷಗಳನ್ನು ಅಂಕಿಯಿಂದ ಎಣಿಸುತ್ತಿರಲಿಲ್ಲ. ನಡೆದ ಒಂದು ಮುಖ್ಯ ಸಂಗತಿಯಿಂದ ಹೆಸರಿಸುತ್ತಿದ್ದರು. ಹಮ್ಮುರಬಿಯ ಮಗ ಸಂಸುಇಲುನನ ಏಳನೆಯ ವರ್ಷಕ್ಕೆ, ಎಂದರೆ ಕ್ರಿ. ಪೂ. 1743ರ ಸುಮಾರಿಗೆ, ಅವನು ಬೆಳ್ಳಿಬಂಗಾರದ ಲಾಂಛನಾಯುಧವನ್ನು ಮರ್ದುಕ್ ದೇವರಿಗೆ ಒಪ್ಪಿಸಿದ ವರ್ಷವೆಂದೇ ಹೆಸರು. ಆ ವರ್ಷ ಯಾವನೋ ರೈತ ಯಾವನೋ ಸಾಹುಕಾರನಿಂದ ನಾಲ್ಕು ಅಳತೆ ಜವೆಯನ್ನು ಕಡ ತಂದಿದ್ದರೂ ಆ ಪತ್ರದ ಕೊನೆಯಲ್ಲಿ ದೇವರ ಆಯುಧದ ಹೊಳಪು ಬರುತ್ತದೆ.

ಆಯುಧ ಪತ್ರದಲ್ಲಿ ಮಾತ್ರವಲ್ಲ, ಹೊಲದಲ್ಲೂ ಕಾಲಿಡುತ್ತಿತ್ತು. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಹೃದ್ಯವಾಗಿ ತೋರಿದ ಸಂಗತಿ ಇದೇ. ಎಲ್ಲೆಯ ತಂಟೆ, ಅಣ್ಣತಮ್ಮಂದಿರ ಪಾಲು, ವ್ಯಾಪಾರದ ಪಾಲುಗಾರಿಕೆಯ ಲೆಕ್ಕ, ಇಂಥವು ಬಂದಾಗ ದೇವರ ಆಯುಧದ ಎದುರು ಪ್ರಮಾಣ ಮಾಡಬೇಕಾಗಿತ್ತು. ಶಮಾಶನ ಕೈಯಲ್ಲಿ ಗರಗಸವಿರುವುದನ್ನು ಆ ಕಾಲದ ಮುದ್ರೆಗಳಲ್ಲಿ ಕಾಣಬಹುದು. ನ್ಯಾಯವನ್ನು ಕೊಯ್ದು ಬೇರೆಮಾಡುವವನು ಅವನು. ವಾದಿ ಪ್ರತಿವಾದಿಗಳು ಗುಡಿಗೆ ಹೋಗುವುದಷ್ಟೇ ಅಲ್ಲ, ಗುಡಿಯ ಆಯುಧವೇ ಹೊರಟು ತಂಟೆಯ ಹೊಲಕ್ಕೆ ಬರುತ್ತಿತ್ತು. ಸಿಪ್ಪರಿನಲ್ಲಿ ದೇವರ ಆಯುಧವನ್ನು ಇಂಥ ಪಯಣಕ್ಕೆ ಬಾಡಿಗೆಗೆ ಪಡೆದ ಪತ್ರಗಳೂ ಸಿಕ್ಕಿವೆ. ಬಾಡಿಗೆಗೆ ದೇವರ ಆಯುಧ ಎಂದರೆ ನಗು ಬರಬಹುದು. ಆದರೆ ಯೋಚಿಸಿ. ಸುಗ್ಗಿಯ ಬಿಸಿಲಿನಲ್ಲಿ ಇಬ್ಬರು ಒಕ್ಕಲಿಗರ ನಡುವಿನ ಬದುವಿನ ಮೇಲೆ ಅದು ಬಂದು ನಿಂತಿದೆ. ಅದರೆದುರು ಸುಳ್ಳಾಡುವ ಧೈರ್ಯ ಯಾರಿಗಿದೆ? ಮೆಸಿಲಿಮನ ಗದೆ ಮಾಡಲಾರದೆ ಹೋದ ಕೆಲಸವನ್ನು, ಎಂಟುನೂರು ವರ್ಷಗಳ ಮೇಲೆ, ಊರೂರಿನ ಬದುಗಳ ಮೇಲೆ ಈ ಆಯುಧಗಳು ಸದ್ದಿಲ್ಲದೆ ಮಾಡುತ್ತಿದ್ದವು. ಅರಸರ ಗಡಿಯನ್ನು ಕಾಯಲಾರದ ಆಯುಧ ಒಕ್ಕಲಿಗನ ಬದುವನ್ನು ಕಾಯಿತು.

ಅಸ್ಸೀರಿಯದವರ ಕೈಗೆ ಬಂದಾಗ ಇದೇ ಪದ್ಧತಿಯ ಮುಖ ಗಡುಸಾಯಿತು. ಒಂದನೆಯ ತಿಗ್ಲತ್‌ಪಿಲೆಸರ್, ಕ್ರಿ. ಪೂ. 1100ರ ಸುಮಾರಿನವನು, ಹುನುಸ ಎಂಬ ಊರನ್ನು ನೆಲಸಮ ಮಾಡಿ ಕಂಚಿನ ಸಿಡಿಲನ್ನು ಮಾಡಿಸಿದ. ಸಿಡಿಲೂ ದೇವರ ಆಯುಧವೇ. ಈ ಊರನ್ನು ಯಾರೂ ಮತ್ತೆ ಕಟ್ಟಬಾರದೆಂದು ಅದರ ಮೇಲೆ ಬರೆಯಿಸಿ, ಹಾಳುಬಿದ್ದ ಜಾಗದಲ್ಲಿ ಇಟ್ಟಿಗೆಯ ಮನೆಯೊಂದನ್ನು ಕಟ್ಟಿಸಿ ಅದರೊಳಗೆ ಇರಿಸಿದ. ಒಪ್ಪಿಸಿದ ಆಯುಧ ಇಲ್ಲಿ ಸಾಕ್ಷಿಯಲ್ಲ, ಕಾವಲಿನ ಸಿಪಾಯಿ.

ಇನ್ನು ಕ್ರಿ. ಪೂ. 714. ಎರಡನೆಯ ಸರ್ಗೋನ್ ಉತ್ತರದ ಬೆಟ್ಟಗಳಿಗೆ ದಂಡೆತ್ತಿಹೋಗಿ, ಹಿಂದಿರುಗುವಾಗ ಮುಸಾಸಿರ್ ಎಂಬ ಪುಣ್ಯಕ್ಷೇತ್ರಕ್ಕೆ ನುಗ್ಗಿದ. ಅದು ಉರಾರ್ತು ಅರಸರ ಹಲ್ದಿ ದೇವರ ಊರು. ಆ ಅರಸರು ಕಾಲದಿಂದ ಕಾಲಕ್ಕೆ ಒಪ್ಪಿಸಿದ್ದ ಆಯುಧಗಳು ಗುಡಿಯಲ್ಲಿ ತುಂಬಿಹೋಗಿದ್ದವು. ಸರ್ಗೋನ್ ತನ್ನ ದೇವರಾದ ಅಶ್ಶೂರನಿಗೆ ಬರೆದ ಪತ್ರದ ರೂಪದ ದೊಡ್ಡ ಫಲಕ ಲೂವ್ರಿನಲ್ಲಿದೆ; ಫ್ರಾನ್ಸಿನ ಪಂಡಿತ ತ್ಯುರೋ-ದಾಂಜೆ 1912ರಲ್ಲಿ ಅದನ್ನು ಪ್ರಕಟಿಸಿದ. ಕೊಳ್ಳೆಯ ಪಟ್ಟಿ ಹೀಗಿದೆ: ಗುಡಿಯ ಎಡಬಲಗಳಲ್ಲಿ ತೂಗಿದ್ದ, ನಡುವೆ ಹಲ್ಲುಕಿರಿದ ನಾಯಿಯ ತಲೆಯಿದ್ದ ಚಿನ್ನದ ಗುರಾಣಿ ಆರು, ಕಂಚಿನ ಗುರಾಣಿ 25,212, ಕಂಚಿನ ಈಟಿ 1,514, ಕಂಚಿನ ಕಠಾರಿ 3,05,412. ಮೂರು ಲಕ್ಷ ಕಠಾರಿಗಳನ್ನು ಯಾರು ಎಣಿಸಿದರೋ! ಕೊನೆಯ ಆ ಹನ್ನೆರಡು ಇಲ್ಲದಿದ್ದರೆ ನಾನು ಲೆಕ್ಕವನ್ನು ಸ್ವಲ್ಪ ಹೆಚ್ಚು ನಂಬುತ್ತಿದ್ದೆನೇನೋ. ಆದರೂ ಸರ್ಗೋನನ ಅರಮನೆಯ ಶಿಲ್ಪದಲ್ಲಿ ಈ ಗುಡಿಯ ಚಿತ್ರವಿತ್ತು. ಫ್ಲಾಂದಾಂ ಎಂಬ ಕಲಾವಿದ ಅದನ್ನು ನೋಡಿ ಬರೆದುಕೊಂಡ ನಕಲು ಉಳಿದಿದೆ. ಅದರಲ್ಲಿ ಗೋಡೆಗಳ ಮೇಲೆ ಸಾಲಾಗಿ ತೂಗಿದ ಗುರಾಣಿಗಳನ್ನೂ ಮಾಡಿನ ಮೇಲೆ ಹತ್ತಿರುವ ಕೊಳ್ಳೆಗಾರರನ್ನೂ ಈಗಲೂ ನೋಡಬಹುದು. ಅಷ್ಟೊಂದು ಆಯುಧಗಳಿದ್ದ ಮನೆ, ತನ್ನನ್ನು ತಾನು ಕಾಯಲು ಅವುಗಳಲ್ಲಿ ಒಂದನ್ನೂ ಎತ್ತಲಿಲ್ಲ.

ಗಿರ್ಸುವಿನ ಗತಿಯೂ ಬೇರೆಯಾಗಿರಲಿಲ್ಲ. ಎಲ್ಲೆಯ ಜಗಳ ತಲೆಮಾರುಗಟ್ಟಲೆ ಎಳೆದು, ಕ್ರಿ. ಪೂ. 2350ರ ಸುಮಾರಿಗೆ ಉಮ್ಮಾದ ಲುಗಲ್‌ಜಗೆಸಿ ಲಗಾಶಿನ ಗುಡಿಗಳಿಗೆ ಬೆಂಕಿಯಿಟ್ಟ. ಸುಟ್ಟದ್ದು ಯಾವ ಗುಡಿ, ದೋಚಿದ್ದು ಯಾವ ಬೆಳ್ಳಿ, ಒಂದೊಂದನ್ನೂ ಹೆಸರಿಸಿ ಲಗಾಶಿನವನೊಬ್ಬ ಮಣ್ಣಿನ ಫಲಕದ ಮೇಲೆ ಬರೆದಿಟ್ಟಿದ್ದಾನೆ. ನಮ್ಮ ಅರಸನದು ತಪ್ಪಿಲ್ಲ, ಈ ಪಾಪ ಲುಗಲ್‌ಜಗೆಸಿಯ ದೇವತೆಯ ಕೊರಳಿಗೇ ಬೀಳಲಿ ಎಂದು ಅವನು ಕೊನೆಯಲ್ಲಿ ಹೇಳುತ್ತಾನೆ. ಆ ಫಲಕವನ್ನು ಓದುವಾಗಲೆಲ್ಲ ಬೂದಿಯ ವಾಸನೆ ಬಂದಂತಾಗುತ್ತದೆ. ಮೆಸಿಲಿಮನ ಗದೆ ಅದಾಗಲೇ ಎರಡು ಶತಮಾನಕ್ಕೂ ಹಳೆಯದಾಗಿತ್ತು. ಬೆಳ್ಳಿ ಬಂಗಾರ ಹೋದವು. ಕಲ್ಲನ್ನು ಯಾರೂ ಒಯ್ಯಲಿಲ್ಲ.

ಆ ದಿಬ್ಬದ ಮೇಲಿನ ಕೊಳ್ಳೆ ನಮ್ಮ ಕಾಲಕ್ಕೂ ಮುಗಿದಿರಲಿಲ್ಲ. 2003ರ ಯುದ್ಧದ ಗೊಂದಲದಲ್ಲಿ ಇರಾಕಿನ ಹಳೆಯ ನೆಲೆಗಳನ್ನು ಕಳ್ಳರು ಅಗೆದರು. ಅದೇ ವರ್ಷ ಲಂಡನ್ನಿನ ವ್ಯಾಪಾರಿಯೊಬ್ಬನಲ್ಲಿ ಪೊಲೀಸರು ಎಂಟು ಪುಟ್ಟ ಹಳೆಯ ವಸ್ತುಗಳನ್ನು ವಶಪಡಿಸಿಕೊಂಡರು. ಅವು ಎಲ್ಲಿಯವೆಂಬುದಕ್ಕೆ ಕಾಗದಪತ್ರವಿರಲಿಲ್ಲ. ವರ್ಷಗಟ್ಟಲೆ ಅವು ಹಾಗೆಯೇ ಬಿದ್ದಿದ್ದವು. ಕೊನೆಗೆ ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸರ ಕೈಗೆ ಬಂದಾಗ, ಅವುಗಳಲ್ಲಿದ್ದ ಮೂರು ಮಣ್ಣಿನ ಶಂಕುಗಳ ಮೇಲಿನ ಬರಹವನ್ನು ಓದಿದರು. ನಿಂಗಿರ್ಸುವಿಗಾಗಿ ಗುಡೇಅ ಎನಿನ್ನುವನ್ನು ಕಟ್ಟಿಸಿದ ಬರಹ. ಅದೇ ಸಂಸ್ಥೆಯವರು ಇರಾಕಿನವರೊಂದಿಗೆ ಟೆಲ್ಲೊದಲ್ಲಿ ಅಗೆಯುತ್ತಿದ್ದ ಗುಡಿಯ ಗೋಡೆಗಳಲ್ಲಿ ಅಂಥವೇ ಶಂಕುಗಳು ಇನ್ನೂ ನೆಟ್ಟುಕೊಂಡಿದ್ದವು. ಕಳ್ಳರು ತೋಡಿದ ಗುಂಡಿಗಳೂ ಪಕ್ಕದಲ್ಲೇ ಇದ್ದವು. 2018ರ ಆಗಸ್ಟಿನಲ್ಲಿ ಎಂಟೂ ವಸ್ತುಗಳನ್ನು ಇರಾಕಿನ ರಾಯಭಾರಿಗೆ ಒಪ್ಪಿಸಿದರು.

ಆ ಎಂಟರಲ್ಲಿ ಒಂದು, ಬಿಳಿಯ ಜಿಪ್ಸಂ ಕಲ್ಲಿನ ಚಿಕ್ಕ ಗದೆಯ ಗುಂಡು. ಮೆಸಿಲಿಮನದಕ್ಕಿಂತಲೂ ಹಳೆಯದು. ಅದರ ಮೇಲೆ ಸಿಂಹವಿಲ್ಲ, ಹದ್ದಿಲ್ಲ, ಅಕ್ಷರವೂ ಇಲ್ಲ. ಯಾರು ಯಾರ ಆಯುಷ್ಯಕ್ಕಾಗಿ ಕೊಟ್ಟದ್ದೋ ಹೇಳುವವರಿಲ್ಲ. ಜೊತೆಗಿದ್ದ ಶಂಕುಗಳ ಮೇಲಿನ ಗುಡೇಅನ ಹೆಸರಿನ ಜಾಡು ಹಿಡಿದು ಅದೂ ತನ್ನ ನಾಡಿಗೆ ಮರಳಿತು.